ಮೊದಲು ತನಗೆ: ವಾಲ್ಡೆಮಾರ್ ಹಾಫ್ಕಿನ್

1894ರ ಮಾರ್ಚ್ ತಿಂಗಳ ಕೊನೆಯಲ್ಲಿ ಕಲಕತ್ತೆಯ ಕಟ್ಟಲ್ ಬಾಗಾನ್ ಎಂಬ ಬಸ್ತಿಯಲ್ಲಿ ಕಾಲರಾದಿಂದ ಇಬ್ಬರು ಸತ್ತರು. ಎರಡು ಕೊಳಗಳ ಸುತ್ತ ಗುಡಿಸಲು ಕಟ್ಟಿಕೊಂಡು ಸುಮಾರು 200 ಜನ ಅಲ್ಲಿ ವಾಸಿಸುತ್ತಿದ್ದರು. ಕುಡಿಯುವುದಕ್ಕೂ ತೊಳೆಯುವುದಕ್ಕೂ ಅವರಿಗೆ ಆ ಕೊಳಗಳ ನೀರೇ ಗತಿ. ಸಾವಿನ ಸುದ್ದಿ ತಿಳಿದು ಮೂವತ್ತನಾಲ್ಕು ವರ್ಷದ ಒಬ್ಬ ಪರದೇಶಿ ಕೆಲವು ಬಂಗಾಳಿ ವೈದ್ಯರೊಡನೆ, ಗಾಜಿನ ಸೀಸೆ ಸೂಜಿಗಳ ಪೆಟ್ಟಿಗೆಯೊಡನೆ ಅಲ್ಲಿಗೆ ಬಂದನು. ಬಿಳಿಯ ಮನುಷ್ಯ ಸೂಜಿ ಹಿಡಿದು ಬಂದರೆ ಯಾರು ತಾನೆ ಹತ್ತಿರ ಸುಳಿಯುತ್ತಾರೆ? ಜನ ಮುತ್ತಿಕೊಂಡರು, ಕಲ್ಲು ತೂರಿ ಗಾಜಿನ ಸಾಮಗ್ರಿಯನ್ನು ಒಡೆದರು ಎಂಬ ವೃತ್ತಾಂತವೂ ಇದೆ. ಆ ಪರದೇಶಿ ವಾದಕ್ಕೆ ನಿಲ್ಲಲಿಲ್ಲ, ಪೊಲೀಸರನ್ನು ಕರೆಸಲಿಲ್ಲ. ಅಂಗಿಯನ್ನು ಮೇಲೆತ್ತಿ, ಜೊತೆಗಿದ್ದ ವೈದ್ಯರಿಂದ ತನ್ನ ಪಕ್ಕೆಗೇ ಸೂಜಿ ಚುಚ್ಚಿಸಿಕೊಂಡನು. ನೋಡಲು ನಿಂತ ಜನರ ಸಿಟ್ಟು ಕುತೂಹಲಕ್ಕೆ ತಿರುಗಿತು. ಒಬ್ಬೊಬ್ಬರಾಗಿ ಮುಂದೆ ಬಂದರು. ಒಟ್ಟು 116 ಮಂದಿ ಚುಚ್ಚಿಸಿಕೊಂಡರು. ಮುಂದಿನ ದಿನಗಳಲ್ಲಿ ಆ ಬಸ್ತಿಯಲ್ಲಿ ಮತ್ತೆ ಕಾಲರಾ ಬಂದಾಗ ಅದಕ್ಕೆ ತುತ್ತಾದವರು ಚುಚ್ಚಿಸಿಕೊಳ್ಳದೆ ಉಳಿದವರು ಮಾತ್ರ.

ಒಂದೇ ಕೊಳದ ನೀರು, ಒಂದೇ ಓಣಿ; ಆದರೂ ಒಂದು ಗುಡಿಸಲಿಗೆ ರೋಗ ಬಂತು, ಪಕ್ಕದ ಗುಡಿಸಲಿಗೆ ಬರಲಿಲ್ಲ. ಇದನ್ನು ತಿಳಿಯಲು ಬಸ್ತಿಯವರಿಗೆ ಓದುಬರಹ ಬೇಕಿರಲಿಲ್ಲ. ಯಾವ ಕರಪತ್ರವೂ ಯಾವ ಡಂಗುರವೂ ಹೇಳಲಾಗದುದನ್ನು ನೆರೆಮನೆ ಹೇಳಿತು.

ಆ ಪರದೇಶಿಯೇ ವಾಲ್ಡೆಮಾರ್ ಹಾಫ್ಕಿನ್. ಕಾಲರಾ ಮತ್ತು ಪ್ಲೇಗು ಎಂಬ ಎರಡು ಮಹಾಮಾರಿಗಳಿಗೆ ಮನುಷ್ಯರಲ್ಲಿ ಬಳಸಬಹುದಾದ ಚುಚ್ಚುಮದ್ದನ್ನು ರೂಪಿಸಿ, ಅದನ್ನು ಭಾರತದ ಜನಸಾಮಾನ್ಯರವರೆಗೆ ಒಯ್ದವರು. ಅವರ ಬಾಳಿನ ಕಥೆಯಲ್ಲಿ ಪ್ರಯೋಗಶಾಲೆಯ ಪಾಲೆಷ್ಟೋ ಅಷ್ಟೇ ಪಾಲು ನಂಬಿಕೆಯದು.

ಹಾಫ್ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಅಂದಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ನಗರದ ಯಹೂದಿ ಕುಟುಂಬದಲ್ಲಿ. ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದುವಾಗ ಇಲ್ಯಾ ಮೆಚ್ನಿಕೋವ್ ಅವರು ಗುರುಗಳಾಗಿ ದೊರೆತರು. ದೇಹದೊಳಕ್ಕೆ ನುಗ್ಗಿದ ರೋಗಾಣುವನ್ನು ರಕ್ತದ ಬಿಳಿಕಣಗಳು ನುಂಗುತ್ತವೆಂದು ತೋರಿಸಿ, ಮುಂದೆ ನೊಬೆಲ್ ಪಾರಿತೋಷಕ ಪಡೆದ ಮಹನೀಯರೇ ಇವರು. ಆಗ ಝಾರ್ ಆಳ್ವಿಕೆಯ ವಿರುದ್ಧ ವಿದ್ಯಾರ್ಥಿಗಳು ಕುದಿಯುತ್ತಿದ್ದ ಕಾಲ. ಯಹೂದಿಗಳ ಮೇಲೆ ಗುಂಪುದಾಳಿಗಳು ನಡೆಯುತ್ತಿದ್ದ ಕಾಲವೂ ಹೌದು. ತಮ್ಮವರ ರಕ್ಷಣೆಗೆ ನಿಂತು ಹಾಫ್ಕಿನ್ ಗಾಯಗೊಂಡರು, ಸೆರೆಮನೆಯನ್ನೂ ಕಂಡರು. ಮತಾಂತರಗೊಂಡಿದ್ದರೆ ವಿಶ್ವವಿದ್ಯಾಲಯದಲ್ಲಿ ಹುದ್ದೆ ಸಿಗುತ್ತಿತ್ತು. ಅದಕ್ಕೆ ಅವರು ಒಪ್ಪಲಿಲ್ಲ. 1888ರಲ್ಲಿ ಜಿನೀವಾಕ್ಕೆ, ಮರುವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಹೋದರು. ಮೆಚ್ನಿಕೋವ್ ಅಷ್ಟರಲ್ಲಿ ಅಲ್ಲಿ ನೆಲೆಸಿದ್ದರು. ಆದರೆ ಅಲ್ಲಿ ಖಾಲಿ ಇದ್ದುದು ಗ್ರಂಥಾಲಯದ ಕೆಲಸವೊಂದೇ. ಹಗಲು ಪುಸ್ತಕ ಜೋಡಿಸುತ್ತ, ಬಿಡುವಿನಲ್ಲಿ ರೋಗಾಣುಗಳನ್ನು ಬೆಳೆಸುತ್ತ ಅವರು ಬ್ಯಾಕ್ಟೀರಿಯಾಶಾಸ್ತ್ರವನ್ನು ಕರಗತ ಮಾಡಿಕೊಂಡರು.

1892ರ ಜುಲೈ 18ರಂದು ತಾವು ತಯಾರಿಸಿದ ಕಾಲರಾ ಚುಚ್ಚುಮದ್ದನ್ನು ಮೊದಲು ತಮಗೇ ಹಾಕಿಕೊಂಡರು. ಜ್ವರ ಬಂತು, ಪಕ್ಕೆ ನೊಂದಿತು, ಕೆಲವೇ ದಿನಗಳಲ್ಲಿ ಇಳಿಯಿತು. ಅನಂತರ ಮೂವರು ರಷ್ಯನ್ ಗೆಳೆಯರು ಹಾಕಿಸಿಕೊಂಡರು. ಆದರೂ ಪ್ಯಾರಿಸ್ಸಿನ ದೊಡ್ಡವರು ಸುಲಭವಾಗಿ ನಂಬಲಿಲ್ಲ. ಹಾಫ್ಕಿನ್ ವೈದ್ಯರಲ್ಲ, ಪ್ರಾಣಿಶಾಸ್ತ್ರಜ್ಞರು. ಈ ಕೊರತೆಯನ್ನು ಅವರ ಎದುರಾಳಿಗಳು ಕೊನೆಯವರೆಗೂ ಎತ್ತಿ ಆಡಿದರು. ಕಾಲರಾ ನಿಜವಾಗಿ ಬೇರೂರಿದ್ದ ನಾಡಿನಲ್ಲಿ ಪರೀಕ್ಷಿಸದೆ ಮದ್ದಿನ ಸತ್ವ ತಿಳಿಯುವಂತಿರಲಿಲ್ಲ. ಹಿಂದೆ ಭಾರತದ ವೈಸರಾಯ್ ಆಗಿದ್ದು ಆಗ ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ ಅವರ ನೆರವಿನಿಂದ ಹಾಫ್ಕಿನ್ 1893ರ ಮಾರ್ಚ್‌ನಲ್ಲಿ ಕಲಕತ್ತೆಗೆ ಬಂದಿಳಿದರು. ಎರಡೂಚಿಲ್ಲರೆ ವರ್ಷಗಳಲ್ಲಿ ಆಗ್ರಾದಿಂದ ಅಸ್ಸಾಮಿನ ಚಹಾ ತೋಟಗಳವರೆಗೆ ಸುತ್ತಿ 40,000ಕ್ಕೂ ಹೆಚ್ಚು ಮಂದಿಗೆ ಚುಚ್ಚುಮದ್ದು ಹಾಕಿದರು. ಒಬ್ಬರನ್ನೂ ಬಲವಂತಪಡಿಸಲಿಲ್ಲ. ಒಲ್ಲೆನೆಂದವರ ಹೆಸರನ್ನೂ ಅಷ್ಟೇ ಜತನದಿಂದ ಬರೆದಿಟ್ಟುಕೊಂಡರು. ಹಾಕಿಸಿಕೊಂಡವರ ಸತ್ವಪರೀಕ್ಷೆ ಆಗುವುದು ಹಾಕಿಸಿಕೊಳ್ಳದವರ ಪಕ್ಕದಲ್ಲಿ ನಿಂತಾಗಲೇ ಅಲ್ಲವೆ! ಮಲೇರಿಯಾ ಹಿಡಿದು ದೇಹ ಸೋತಾಗ 1895ರಲ್ಲಿ ಯೂರೋಪಿಗೆ ಮರಳಿದರು; ಚೇತರಿಸಿಕೊಂಡ ಕೂಡಲೇ ಮತ್ತೆ ಬಂದರು.

ಆಗ ಬಂತು ಪ್ಲೇಗು. 1896ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಅದು ಬಯಲಾಯಿತು. ಸರಕಾರದ ಕ್ರಮಗಳು ಉಗ್ರವಾಗಿದ್ದವು. ರೋಗಿಯನ್ನು ಮನೆಯಿಂದ ಎತ್ತಿಕೊಂಡು ಹೋಗುವುದು, ಮನೆಯವರನ್ನು ಬೇರೆ ಶಿಬಿರಕ್ಕೆ ಹಾಕುವುದು, ಸಾಮಾನು ಸುಡುವುದು, ಮಾಡು ಕೀಳುವುದು, ರೈಲು ನಿಲ್ದಾಣದಲ್ಲಿ ಹೆಂಗಸರ ಮೈಯನ್ನೂ ಮುಟ್ಟಿ ಗಂಟು ಹುಡುಕುವುದು. 1897ರ ಫೆಬ್ರವರಿಯಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆ ಇವೆಲ್ಲಕ್ಕೂ ಅಧಿಕಾರದ ಮುದ್ರೆ ಒತ್ತಿತು. ಆಸ್ಪತ್ರೆಗೆ ಹೋದವರನ್ನು ಕೊಂದು ಮೈಯಿಂದ ಎಣ್ಣೆ ತೆಗೆಯುತ್ತಾರೆ ಎಂಬ ಗಾಳಿಮಾತು ಹಬ್ಬಿತು. 1896ರ ಅಕ್ಟೋಬರ್ 29ರಂದು ಗಿರಣಿ ಕಾರ್ಮಿಕರು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ದಾಳಿ ಮಾಡಿದರು. ಪುಣೆಯಲ್ಲಿ ಸೈನಿಕರಿಂದ ಮನೆ ಶೋಧಿಸಿದ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು 1897ರ ಜೂನ್ 22ರಂದು ಚಾಪೇಕರ್ ಸೋದರರು ಗುಂಡಿಕ್ಕಿದರು. ಜನ ರೋಗಿಗಳನ್ನು ಬಚ್ಚಿಟ್ಟರು, ಹೆಣಗಳನ್ನು ಬಚ್ಚಿಟ್ಟರು, ಊರು ಬಿಟ್ಟು ಓಡಿದರು. ಅವರೊಡನೆ ಪ್ಲೇಗೂ ಓಡಿತು. ಗಾಳಿಮಾತನ್ನು ಅಜ್ಞಾನವೆಂದು ಹಳಿದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಬೂಟುಗಾಲಿನಲ್ಲಿ ಅಡುಗೆಮನೆಗೆ ನುಗ್ಗಿದವನ ಕೈಯಲ್ಲಿದ್ದ ಔಷಧಿಯನ್ನು ನಂಬದವರದು ಬರಿಯ ಅಜ್ಞಾನವಾಗಿರಲಿಲ್ಲ.

ಹಾಫ್ಕಿನ್ 1896ರ ಅಕ್ಟೋಬರ್‌ನಲ್ಲಿ ಮುಂಬಯಿಗೆ ಬಂದರು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಮೊಗಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಇಷ್ಟೇ ಅವರ ಪ್ರಯೋಗಶಾಲೆ. ಮಾಂಸದ ಸಾರಿನಲ್ಲಿ ಪ್ಲೇಗಿನ ರೋಗಾಣುವನ್ನು ಬೆಳೆಸಿ, ಕಾಯಿಸಿ ಕೊಂದು, ಕೆಡದಂತೆ ತುಸು ಕಾರ್ಬಾಲಿಕ್ ಆಮ್ಲ ಬೆರೆಸುವುದು ಅವರ ವಿಧಾನ. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ, ರೋಗಾಣು ಆ ಹನಿಗಳಿಗೆ ಅಂಟಿಕೊಂಡು ಗುಹೆಯ ಸುಣ್ಣಗೋಲುಗಳಂತೆ ಕೆಳಕ್ಕೆ ಇಳಿದು ಬೆಳೆಯುವುದನ್ನು ಅವರು ಕಂಡುಕೊಂಡರು. ಸಾರಿಗೆ ಯಾವ ಮಾಂಸ ಎಂಬುದೂ ಚಿಕ್ಕ ಪ್ರಶ್ನೆಯಾಗಿರಲಿಲ್ಲ. ಯೂರೋಪಿನಲ್ಲಿ ಬಳಕೆಯಲ್ಲಿದ್ದ ದನದ ಮಾಂಸವನ್ನು ಬಿಟ್ಟು ಅವರು ಆಡಿನ ಮಾಂಸವನ್ನು ಆರಿಸಿಕೊಂಡರು, ಹಿಂದೂ ಮುಸಲ್ಮಾನರಿಬ್ಬರ ಮನಸ್ಸೂ ಕದಡಬಾರದೆಂದು. ಸೂಜಿ ಮೈಗೆ ತಾಗುವ ಮೊದಲೇ ಮದ್ದು ಮನಸ್ಸಿಗೆ ಒಗ್ಗಬೇಕೆಂಬುದನ್ನು ಪ್ರಯೋಗಶಾಲೆಯ ಬಟ್ಟಲಿನಲ್ಲೇ ಯೋಚಿಸಿದ ವಿಜ್ಞಾನಿ ಅಂದು ಅಪರೂಪ.

ಮೂರು ತಿಂಗಳಲ್ಲಿ ಮದ್ದು ಸಿದ್ಧವಾಯಿತು. 1897ರ ಜನವರಿ 10ರಂದು ಹಾಫ್ಕಿನ್, ಕಾಲೇಜಿನ ಪ್ರಾಂಶುಪಾಲರ ಸಮ್ಮುಖದಲ್ಲಿ, ಮತ್ತೆ ಮೊದಲು ತಮಗೇ ಚುಚ್ಚಿಸಿಕೊಂಡರು. ಆ ಪ್ರಮಾಣ 10 ಘನ ಸೆಂಟಿಮೀಟರ್, ಮುಂದೆ ಜನರಿಗೆ ಕೊಟ್ಟದ್ದರ ಮೂರು ಪಟ್ಟಿಗೂ ಹೆಚ್ಚು. ಜ್ವರ ನೋವುಗಳ ನಡುವೆಯೂ ಕೆಲಸ ನಿಲ್ಲಿಸಲಿಲ್ಲ. ಅದೇ ತಿಂಗಳ ಕೊನೆಗೆ ಬೈಕಳಾ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ತಾವಾಗಿ ಮುಂದೆ ಬಂದು ಚುಚ್ಚಿಸಿಕೊಂಡರು. ಮುಂದಿನ ದಿನಗಳಲ್ಲಿ ಚುಚ್ಚಿಸಿಕೊಳ್ಳದವರಲ್ಲಿ 12 ಮಂದಿಗೆ ಪ್ಲೇಗು ತಗುಲಿ 6 ಮಂದಿ ಸತ್ತರು. ಚುಚ್ಚಿಸಿಕೊಂಡವರಲ್ಲಿ ತಗುಲಿದ್ದು ಇಬ್ಬರಿಗೆ, ಅವರಿಬ್ಬರೂ ಬದುಕಿದರು. ಕೈದಿಯೊಬ್ಬನ ಒಪ್ಪಿಗೆಯನ್ನು ಎಷ್ಟರಮಟ್ಟಿಗೆ ಒಪ್ಪಿಗೆ ಎನ್ನಬಹುದು ಎಂಬ ಪ್ರಶ್ನೆ ಇಂದಿನವರಿಗೆ ಏಳುತ್ತದೆ. ಅಂದು ಯಾರೂ ಅದನ್ನು ಕೇಳಲಿಲ್ಲ.

ಸೆರೆಮನೆಯ ಅಂಕಿ ಅಧಿಕಾರಿಗಳಿಗೆ ಸಾಕಾಯಿತು, ಊರಿಗೆ ಸಾಲಲಿಲ್ಲ. ಊರನ್ನು ಒಲಿಸಲು ಊರಿನವರೇ ಬೇಕಾಯಿತು. ಖೋಜಾ ಮುಸಲ್ಮಾನರ ಗುರುಗಳಾದ ಆಗಾ ಖಾನ್ ಆಗ ಇಪ್ಪತ್ತರ ಹರೆಯದವರು. ಅವರು ತಮ್ಮ ಅನುಯಾಯಿಗಳ ಎದುರಿನಲ್ಲಿ, ಒಂದಲ್ಲ ಹಲವು ಸಲ, ಚುಚ್ಚಿಸಿಕೊಂಡು ತೋರಿಸಿದರು; ತಮ್ಮ ಖುಶ್ರು ಲಾಡ್ಜ್ ಎಂಬ ಬಂಗಲೆಯನ್ನು ಹಾಫ್ಕಿನ್ನರ ಕೆಲಸಕ್ಕೆ ಬಿಟ್ಟುಕೊಟ್ಟರು. ಸಾವಿರಾರು ಖೋಜಾಗಳು ಸಾಲುಗಟ್ಟಿದರು. ಮದ್ದು ಅದೇ, ಸೂಜಿ ಅದೇ. ಮೊದಲು ಚಾಚಿದ ಕೈ ಯಾರದು ಎಂಬುದಷ್ಟೇ ಬದಲಾಗಿತ್ತು.

1898ರ ಫೆಬ್ರವರಿಯಲ್ಲಿ ಬರೋಡಾ ಬಳಿಯ ಉಂಧೇರಾ ಎಂಬ ಹಳ್ಳಿಯಲ್ಲಿ ನಡೆದ ಪರೀಕ್ಷೆಯನ್ನು ಹಾಫ್ಕಿನ್ನರ ಚರಿತ್ರಕಾರರು ಮೆಚ್ಚಿ ಬರೆಯುತ್ತಾರೆ. ಮನೆಮನೆಯಲ್ಲಿಯೂ ಸರಿಸುಮಾರು ಅರ್ಧದಷ್ಟು ಜನಕ್ಕೆ ಚುಚ್ಚಿ, ಉಳಿದರ್ಧವನ್ನು ಹಾಗೆಯೇ ಬಿಡಲಾಯಿತು. ಚುಚ್ಚಿದ 71 ಮಂದಿಯಲ್ಲಿ ಸತ್ತವರು 3. ಬಿಟ್ಟ 64 ಮಂದಿಯಲ್ಲಿ ಸತ್ತವರು 26. ಶಾಸ್ತ್ರಕ್ಕೆ ಇದಕ್ಕಿಂತ ನಿಚ್ಚಳವಾದ ಪುರಾವೆ ಸಿಗುವುದು ಕಷ್ಟ. ಆದರೆ ಒಂದೇ ಒಲೆಯ ಸುತ್ತ ಕುಳಿತವರಲ್ಲಿ ಅಣ್ಣನಿಗೆ ಮದ್ದು, ತಮ್ಮನಿಗೆ ಇಲ್ಲ ಎಂದು ವಿಂಗಡಿಸಿದ ಆ ಲೆಕ್ಕದಲ್ಲಿ 26 ಎಂಬ ಅಂಕಿ ಬರಿಯ ಅಂಕಿಯಾಗಿ ಕಾಣುವುದಿಲ್ಲ.

ಅದೇ ವರ್ಷ ಈ ಕಥೆ ಕನ್ನಡ ನೆಲಕ್ಕೆ ಬಂತು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳೂ ಸೊಲ್ಲಾಪುರವೂ ಆಗ ಮುಂಬಯಿ ಪ್ರಾಂತದವು. ಮುಂಬಯಿಯ ರೋಗ ರೈಲಿನ ದಾರಿ ಹಿಡಿದು ಇತ್ತ ಇಳಿಯಿತು. ರೈಲಿನ ಕಾರ್ಖಾನೆ, ಹತ್ತಿಯ ಗಿರಣಿ, ದೊಡ್ಡ ಪೇಟೆ ಇದ್ದ ಹುಬ್ಬಳ್ಳಿ ಅದರ ಬಾಯಿಗೆ ಸಿಕ್ಕಿತು. ಮೊದಲು ಇಲಿ ಬೀಳುವುದು, ಆಮೇಲೆ ಮನುಷ್ಯರು. ಕಂಕುಳಲ್ಲಿ ತೊಡೆಸಂದಿಯಲ್ಲಿ ಗಡ್ಡೆ ಎದ್ದರೆ ಮನೆಯವರು ಆಸೆ ಬಿಡುವುದು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವುದು ಜನ ತಾವೇ ಕಂಡುಕೊಂಡ ದಾರಿಯಾಗಿತ್ತು, ಮತ್ತು ಅದು ತಪ್ಪು ದಾರಿಯಾಗಿರಲಿಲ್ಲ. ಇಲಿ ಸತ್ತ ಮನೆಯಿಂದ ದೂರ ಹೋದವನು ಇಲಿಯ ಚಿಗಟದಿಂದಲೂ ದೂರ ಹೋದಂತೆ. ಚಿಗಟವೇ ರೋಗವನ್ನು ಹೊತ್ತು ತರುತ್ತದೆಂಬುದು ವೈದ್ಯಲೋಕಕ್ಕೆ ಖಚಿತವಾದದ್ದು ಇನ್ನೂ ಕೆಲವು ವರ್ಷಗಳ ಮೇಲೆ.

ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿ ಹಾಫ್ಕಿನ್ನರ ಮದ್ದನ್ನು ಹಿಡಿದು ನಿಂತರು. ಸುಮಾರು 50,000 ಜನರ ಊರು. 1898ರ ಬೇಸಿಗೆಯಿಂದ ಮಳೆಗಾಲದ ಕೊನೆಯೊಳಗೆ ಅವರಲ್ಲಿ 30,000ಕ್ಕೂ ಹೆಚ್ಚು ಮಂದಿ ಚುಚ್ಚಿಸಿಕೊಂಡರು. ಎರಡನೆಯ ಸಲ ಬಂದು ಚುಚ್ಚಿಸಿಕೊಂಡವರೂ ಬಹಳ. ಇಡೀ ಊರೊಂದು ಹೀಗೆ ಸೂಜಿಗೆ ಮೈಯೊಡ್ಡಿದ್ದು ಆ ಕಾಲಕ್ಕೆ ದೊಡ್ಡ ಸುದ್ದಿಯಾಯಿತು. ಇದು ಹೇಗೆ ಸಾಧ್ಯವಾಯಿತು? ಚುಚ್ಚಿಸಿಕೊಂಡವರಿಗೆ ಸರ್ಟಿಫಿಕೇಟ್ ಕೊಡುವ ಪದ್ಧತಿ ಇತ್ತು. ಅದು ಕೈಯಲ್ಲಿದ್ದರೆ ಶಿಬಿರವಾಸದ ಕಾಟದಿಂದ ವಿನಾಯಿತಿ. ಗಿರಣಿಯಲ್ಲಿ, ರೈಲ್ವೆಯಲ್ಲಿ ದುಡಿಯುವವರಿಗೆ ಇದು ಸಣ್ಣ ಸೆಳೆತವಲ್ಲ. ಹಾಗಾಗಿ ಅದೆಲ್ಲವೂ ಅಪ್ಪಟ ಸ್ವಂತ ಇಚ್ಛೆಯೆಂದು ಬರೆದರೆ ಅರ್ಧಸತ್ಯವಾದೀತು. ಆದರೆ ಎರಡನೆಯ ಸಲ ಬಂದು ತೋಳು ಚಾಚಿದವರನ್ನು ಕರೆತಂದದ್ದು ಬರಿಯ ಕಾಗದವಲ್ಲ. ಮೊದಲ ಸಲ ಚುಚ್ಚಿಸಿಕೊಂಡ ಮನೆಗಳಲ್ಲಿ ದೀಪ ಉರಿಯುತ್ತಿದ್ದುದನ್ನು, ಚುಚ್ಚಿಸಿಕೊಳ್ಳದ ಮನೆಗಳ ಕದಕ್ಕೆ ಬೀಗ ಬಿದ್ದುದನ್ನು ಓಣಿಯವರು ಕಣ್ಣಾರೆ ಕಂಡಿದ್ದರು.

ಆ ವರ್ಷದ ಆಗಸ್ಟ್‌ನಲ್ಲಿ ಪ್ಲೇಗು ಬೆಂಗಳೂರನ್ನು ತಲುಪಿತು, ಅದೂ ಹುಬ್ಬಳ್ಳಿಯ ಕಡೆಯ ರೈಲಿನಲ್ಲಿ. ಕನ್ನಡನಾಡಿನ ಹಲವು ಊರುಗಳಲ್ಲಿ ಪ್ಲೇಗಮ್ಮ, ಪ್ಲೇಗ್ ಮಾರಿಯಮ್ಮ ಎಂಬ ಗುಡಿಗಳು ಎದ್ದವು. ಬೇನೆಗೆ ದೇವಿಯ ಹೆಸರಿಟ್ಟು ಉಡಿ ತುಂಬಿ ಕಳಿಸುವುದು ಜನ ತಿಳಿದಿದ್ದ ಭಾಷೆ. ಸೂಜಿಯನ್ನು ಒಪ್ಪಿದವರೂ ಆ ಗುಡಿಗೆ ಕಾಯಿ ಒಡೆಸಿದ್ದರೆ ಅದರಲ್ಲಿ ಅಚ್ಚರಿಯೇನೂ ಇಲ್ಲ.

ಹಾಫ್ಕಿನ್ನರಿಗೆ ಈ ಕಾಲದಲ್ಲಿ ಗೌರವಗಳು ಬಂದವು, ಟೀಕೆಗಳೂ ಬಂದವು. ಸರಕಾರ ನೇಮಿಸಿದ ಪ್ಲೇಗ್ ಆಯೋಗ ಅವರ ಮದ್ದು ರೋಗವನ್ನೂ ಸಾವನ್ನೂ ತಗ್ಗಿಸುತ್ತದೆಂದು ಒಪ್ಪಿತು; ಪ್ರಮಾಣದ ನಿಖರತೆಯಲ್ಲಿ, ಅಂಕಿಗಳಲ್ಲಿ ತಪ್ಪು ಹಿಡಿಯಿತು. ಪ್ಲೇಗಿನೂರಿನಲ್ಲಿ ಜನ ಓಡುತ್ತ ಬರುತ್ತ ಇರುವಾಗ ಚುಚ್ಚಿಸಿಕೊಳ್ಳದವರು ಎಷ್ಟು ಮಂದಿ ಉಳಿದಿದ್ದರೆಂದು ಎಣಿಸುವುದೇ ಕಷ್ಟವಾಗಿತ್ತು. ಆ ಟೀಕೆಯಲ್ಲಿ ಹುರುಳಿತ್ತು. 1899ರಲ್ಲಿ ಮುಂಬಯಿಯ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಪ್ಲೇಗ್ ಸಂಶೋಧನಾಲಯ ಸ್ಥಳಾಂತರವಾಯಿತು. ಅಲ್ಲಿಂದ ಮದ್ದಿನ ಸೀಸೆಗಳು ಲಕ್ಷಗಟ್ಟಲೆ ಹೊರಟವು.

ಅವುಗಳಲ್ಲೊಂದು ಸೀಸೆಯ ಗುರುತು 53-ಎನ್. 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಚುಚ್ಚುಮದ್ದು ಹಾಕಲಾಯಿತು. ಒಂದು ವಾರದಲ್ಲಿ, ಆ ಒಂದೇ ಸೀಸೆಯಿಂದ ಮದ್ದು ಪಡೆದ 19 ಮಂದಿಗೆ ಧನುರ್ವಾಯು ಬಂತು. 19 ಮಂದಿಯೂ ಸತ್ತರು. ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಗೊಳಿಸದೆ ಅದರಿಂದಲೇ ಬಿರಡೆ ತೆಗೆಯಲಾಗಿತ್ತು. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿ ಇರತಕ್ಕದ್ದು. ಪರೇಲಿನಲ್ಲಿಯೇ ಸೀಸೆ ಕೆಟ್ಟಿದ್ದರೆ, ಅಷ್ಟು ದಿನ ಮುಚ್ಚಿಟ್ಟ ಮದ್ದಿನಿಂದ ದುರ್ವಾಸನೆ ಬರಬೇಕಿತ್ತು, ಅಂಥದೇನೂ ಬಂದಿರಲಿಲ್ಲ. ಆದರೂ ವಿಚಾರಣೆಯ ಆಯೋಗ ಸೀಸೆ ತೆರೆಯುವ ಮೊದಲೇ ಕೆಟ್ಟಿತ್ತೆಂದು ತೀರ್ಮಾನಿಸಿತು. ಬೇಡಿಕೆ ಪೂರೈಸಲೆಂದು ಹಾಫ್ಕಿನ್ ತಯಾರಿಕೆಯ ವಿಧಾನವನ್ನು ಸರಳಗೊಳಿಸಿ ಕಾರ್ಬಾಲಿಕ್ ಆಮ್ಲ ಬೆರೆಸುವುದನ್ನು ಬಿಟ್ಟಿದ್ದುದು ಅವರ ವಿರುದ್ಧ ಸಾಕ್ಷಿಯಾಯಿತು. ಅವರನ್ನು ಪರೇಲಿನಿಂದ ಬಿಡಿಸಲಾಯಿತು. ಅವರು ಲಂಡನ್ನಿಗೆ ಹೋಗಿ ಕುಳಿತರು.

ಪಂಜಾಬಿನಲ್ಲಿ ಜನ ಸೂಜಿಯಿಂದ ದೂರ ಸರಿದರು. ಹತ್ತು ವರ್ಷ ಮನೆಮನೆಯಲ್ಲಿ ಕೂಡಿಟ್ಟ ನಂಬಿಕೆಯನ್ನು ಒಂದು ಸೀಸೆ ಚೆಲ್ಲಿಬಿಟ್ಟಿತು. ಲಕ್ಷಾಂತರ ಮಂದಿ ಚುಚ್ಚಿಸಿಕೊಂಡು ಬದುಕಿದ್ದರು, ನಿಜ. ಆದರೆ ಬದುಕಿದವನ ಸುದ್ದಿ ಊರಗಡಿ ದಾಟುವುದಿಲ್ಲ, ಸತ್ತವನ ಸುದ್ದಿ ಸಂತೆಯಿಂದ ಸಂತೆಗೆ ಹೋಗುತ್ತದೆ. ಹಿಂದೆ ನೆರೆಮನೆಯೇ ಹಾಫ್ಕಿನ್ನರ ಪರವಾಗಿ ಮಾತಾಡಿತ್ತು. ಈಗ ಮಲ್ಕೋವಾಲಿನ ನೆರೆಮನೆಗಳು ಅವರ ವಿರುದ್ಧ ಮಾತಾಡಿದವು.

ಮಲೇರಿಯಾ ಹರಡುವ ಬಗೆಯನ್ನು ಕಂಡುಹಿಡಿದ ರೊನಾಲ್ಡ್ ರಾಸ್ ಸಾಕ್ಷ್ಯಗಳನ್ನು ಪರಿಶೀಲಿಸಿ, ಹಾಫ್ಕಿನ್ ನಿರಪರಾಧಿಯೆಂದು 1907ರಲ್ಲಿ ಲೇಖನಿ ಎತ್ತಿದರು. ಬೇರೆ ಹೆಸರಾಂತ ವಿಜ್ಞಾನಿಗಳು ರಾಸ್ ಅವರೊಡನೆ ಸೇರಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದರು. ಆ ವರ್ಷದ ಕೊನೆಗೆ ಸರಕಾರ ಕಳಂಕವನ್ನು ತೊಡೆಯಿತು. ಅದೇ 1907ರಲ್ಲಿ ಭಾರತದಲ್ಲಿ ಪ್ಲೇಗಿನಿಂದ ಸತ್ತವರು ಹತ್ತು ಲಕ್ಷಕ್ಕೂ ಹೆಚ್ಚು. ಎಲ್ಲಕ್ಕಿಂತ ಹೆಚ್ಚು ನೊಂದದ್ದು ಪಂಜಾಬ್. ಆ ಸಾವುಗಳಲ್ಲಿ ಎಷ್ಟನ್ನು 53-ಎನ್ ಸೀಸೆಯ ಲೆಕ್ಕಕ್ಕೆ ಬರೆಯಬೇಕು, ಎಷ್ಟನ್ನು ಐದು ವರ್ಷ ಎಳೆದ ತೀರ್ಪಿನ ಲೆಕ್ಕಕ್ಕೆ ಎಂದು ಯಾರೂ ಎಣಿಸಿಲ್ಲ.

ಹಾಫ್ಕಿನ್ ಭಾರತಕ್ಕೆ ಮರಳಿದರು, ಪರೇಲಿಗಲ್ಲ. ಅಲ್ಲಿನ ಸ್ಥಾನ ಬೇರೆಯವರ ಪಾಲಾಗಿತ್ತು. ಕಲಕತ್ತೆಯಲ್ಲಿ ಕೆಲಸ ಕೊಟ್ಟರು. ಜನರ ನಡುವೆ ಹೋಗಿ ಹೊಸ ಮದ್ದನ್ನು ಪರೀಕ್ಷಿಸುವ ಅವಕಾಶ ಕೊಡಲಿಲ್ಲ. ಒಂದು ಕಾಲಕ್ಕೆ ಅಂಗಿ ಎತ್ತಿ ಬಸ್ತಿಯ ನಡುವೆ ನಿಂತಿದ್ದವರು ಕೋಣೆಯೊಳಗಿನ ಸಂಶೋಧನೆಗೆ ಸೀಮಿತರಾದರು. 1914ರಲ್ಲಿ ನಿವೃತ್ತರಾಗಿ ಯೂರೋಪಿಗೆ ಹೋದರು. ಮದುವೆಯಾಗಿರಲಿಲ್ಲ. ಮುಪ್ಪಿನಲ್ಲಿ ತಮ್ಮ ಪೂರ್ವಿಕರ ಧರ್ಮದ ಆಚರಣೆಗಳಲ್ಲಿ ತೊಡಗಿದರು, ಅದರ ಪರವಾಗಿ ಬರೆದರು. ಗಳಿಸಿದ್ದನ್ನು ಪೂರ್ವ ಯೂರೋಪಿನ ಯಹೂದಿ ಪಾಠಶಾಲೆಗಳಿಗೆ ಬಿಟ್ಟುಕೊಟ್ಟರು. 1930ರ ಅಕ್ಟೋಬರ್ 26ರಂದು ಸ್ವಿಟ್ಸರ್‌ಲ್ಯಾಂಡಿನ ಲೋಸಾನ್‌ನಲ್ಲಿ ತೀರಿಕೊಂಡರು.

ಅದಕ್ಕೆ ಐದು ವರ್ಷ ಮುಂಚೆ, 1925ರಲ್ಲಿ, ಪರೇಲಿನ ಸಂಶೋಧನಾಲಯಕ್ಕೆ ಹಾಫ್ಕಿನ್ ಇನ್‌ಸ್ಟಿಟ್ಯೂಟ್ ಎಂದು ಹೆಸರಿಟ್ಟರು. ಆ ಸುದ್ದಿ ಕೇಳುವಾಗ ಅವರು ಬದುಕಿದ್ದರು. ಪರೇಲಿನ ಬಾಗಿಲು ಬಿಟ್ಟು ಆಗ ಇಪ್ಪತ್ತು ವರ್ಷಗಳ ಮೇಲಾಗಿತ್ತು.